ಎರಡು ಸಾವಿರದೊಳಗೆ ಹಬ್ಬದ ಬೆಳಕು: ಮುಂಬಯಿಯ ಪುಟ್ಟ ಮನೆಗೆ ಯಾವುದು ಸರಿ, ಯಾವುದು ದಂಡ

ಹೋದ ವರ್ಷ ಗಣಪತಿ ಹಬ್ಬಕ್ಕೆ ಎಂಟು ದಿನ ಇರುವಾಗ ಅಟ್ಟದಿಂದ ಹಬ್ಬದ ಡಬ್ಬ ಇಳಿಸಿದೆ. ಒಳಗೆ ಐದು ಸೀರಿಯಲ್ ಸೆಟ್ ಇದ್ದವು. ಎರಡು ಪೂರ್ತಿ ಸತ್ತಿದ್ದವು, ಒಂದು ಅರ್ಧ ಮಾತ್ರ ಹತ್ತುತ್ತಿತ್ತು, ಉಳಿದೆರಡು ಸರಿ ಇದ್ದವು. ಇಷ್ಟು ತಿಳಿಯೋಕೇ ಒಂದು ಸಂಜೆ ಹೋಯಿತು, ಯಾಕಂದರೆ ಐದೂ ಒಂದಕ್ಕೊಂದು ಸುತ್ತಿಕೊಂಡು ತೆಂಗಿನ ನಾರಿನ ಉಂಡೆಯ ಹಾಗೆ ಆಗಿದ್ದವು, ಯಾವ ಬಾಲ ಯಾವುದರದ್ದು ಅಂತ ಗೊತ್ತೇ ಆಗುತ್ತಿರಲಿಲ್ಲ. ಕೆಳಗೆ ದಳ ಮುರಿದ ಒಂದು ಪ್ಲಾಸ್ಟಿಕ್ ಕಮಲ. ಸೊಟ್ಟಗಾದ ಒಂದು ಆಕಾಶಬುಟ್ಟಿ. ತಳದಲ್ಲಿ ಯಾವ ಕಾಲದ್ದೋ ಥರ್ಮಾಕೋಲಿನ ನವಿಲು. ಮುಟ್ಟಿದ್ದೇ ತಡ, ಬಿಳಿ ಕಾಳು ಉದುರಿ ಫ್ಯಾನಿನ ಗಾಳಿಗೆ ಮನೆಯೆಲ್ಲ ಹಾರಾಡಿತು. ಫ್ರಿಜ್ ಹಿಂದೆ ಇನ್ನೂ ಸಿಗುತ್ತಿವೆ.

ನಮ್ಮದು ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಅಟ್ಟ ಅಂದರೆ ಅಡುಗೆಮನೆ ಬಾಗಿಲ ಮೇಲಿನ ಒಂದು ಗೂಡು, ಅಷ್ಟೇ. ಅದರಲ್ಲೇ ಸೂಟ್‌ಕೇಸು, ಹೆಚ್ಚಿನ ಹಾಸಿಗೆ, ಊರಿಂದ ಅತ್ತೆ ಕಳಿಸಿದ ಹಿತ್ತಾಳೆ ಪಾತ್ರೆ. ಅವತ್ತು ಸ್ಟೂಲಿನ ಮೇಲೆ ನಿಂತಾಗ ಒಂದು ವಿಷಯ ಚೆನ್ನಾಗಿ ತಲೆಗೆ ಹೋಯಿತು. ಅಂಗಡಿಯಲ್ಲಿ ಕೊಡುವ ನೂರೈವತ್ತು ರೂಪಾಯಿ ದೊಡ್ಡದಲ್ಲ. ಆಮೇಲೆ ಹನ್ನೊಂದು ತಿಂಗಳು ಅದನ್ನು ಇಟ್ಟುಕೊಳ್ಳೋದಿದೆಯಲ್ಲ, ಈ ಊರಲ್ಲಿ ಅದೇ ದುಬಾರಿ. ಅದಕ್ಕೆ ಈಗ ಏನೇ ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಹಬ್ಬ ಮುಗಿದ ಮೇಲೆ ಇದು ಎಲ್ಲಿ ಹೋಗುತ್ತದೆ?

ಊರಲ್ಲಿ ಅಂಗಳ, ಹಿತ್ತಲು, ಮಾಳಿಗೆ ಇರುವವರಿಗೆ ಈ ಹೋಲಿಕೆ ಅಷ್ಟು ಒಗ್ಗಲಿಕ್ಕಿಲ್ಲ. ಇದು ಮುಂಬಯಿ, ಠಾಣೆ, ಪುಣೆಯ ಫ್ಲಾಟುಗಳಲ್ಲಿ, ಅದರಲ್ಲೂ ಬಾಡಿಗೆ ಮನೆಗಳಲ್ಲಿ ಇರುವ ನಮ್ಮಂಥವರಿಗೆ. ಬೆಲೆಗಳು ನಾನು ಕೊಟ್ಟದ್ದು, ನೀವು ಹೋದ ದಿನ ಸ್ವಲ್ಪ ಆಚೆ ಈಚೆ ಇರುತ್ತದೆ.

ಮೊದಲು ಕರೆಂಟ್ ಬಿಲ್ಲಿನ ಭಯ ಬಿಡಿ

ಎಲ್‌ಇಡಿ ತಗೊಂಡರೆ ಬಿಲ್ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಉಳಿಯುತ್ತದೆ ನಿಜ. ಎಷ್ಟು ಅಂತ ಯಾರೂ ಲೆಕ್ಕ ಹಾಕಲ್ಲ. ಬಾಕ್ಸಿನ ಮೇಲೆ ವ್ಯಾಟ್ ಬರೆದಿರುತ್ತದೆ. ಅದನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್. 10 ವ್ಯಾಟಿನ ಒಂದು ಎಲ್‌ಇಡಿ ಸರವನ್ನು ದಿನಕ್ಕೆ 6 ಗಂಟೆ, 15 ದಿನ ಹಾಕಿದರೆ 900 ವ್ಯಾಟ್ ಗಂಟೆ, ಅಂದರೆ 0.9 ಯೂನಿಟ್. ಲೆಕ್ಕ ಸುಲಭ ಆಗಲಿ ಅಂತ ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿಯೋಣ. (ಮುಂಬಯಿ ಕಡೆ ಬೆಸ್ಟ್, ಅದಾನಿ, ಟಾಟಾ, ಮಹಾವಿತರಣ ಒಬ್ಬೊಬ್ಬರದು ಒಂದೊಂದು ದರ, ಬಳಕೆ ಏರಿದ ಹಾಗೆ ದರವೂ ಏರುತ್ತದೆ.) ಹದಿನೈದು ದಿನದ ಬೆಳಕಿಗೆ ಒಂಬತ್ತು ರೂಪಾಯಿ! ಹಳೆಯ ತಂತಿ ಬಲ್ಬಿನ 50 ವ್ಯಾಟಿನ ಸರ ಆದರೂ 45 ರೂಪಾಯಿ.

ಅಂದರೆ ಹಳೆ ಸರ ಬಿಸಾಕೋಕೆ ಬಿಲ್ ಕಾರಣ ಅಲ್ಲ, ಬಿಸಿ ಕಾರಣ. ಆ ಪುಟ್ಟ ಬಲ್ಬುಗಳು ಕಾಯುತ್ತವೆ. ರೇಷ್ಮೆ ಸೀರೆಗೋ ಕಾಗದಕ್ಕೋ ತಾಗಿಕೊಂಡು ನಾಲ್ಕು ಗಂಟೆ ಇದ್ದರೆ ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇದನ್ನೇ ಎಣ್ಣೆ ದೀಪದ ಜೊತೆ ಹೋಲಿಸಿ ನೋಡಿ, ತಮಾಷೆ ಅನ್ನಿಸುತ್ತದೆ. ಇಪ್ಪತ್ತು ಹಣತೆ, ಒಂದೊಂದಕ್ಕೆ ಒಂದು ದೊಡ್ಡ ಚಮಚ, ಅಂದರೆ 15 ಎಂಎಲ್ ಎಣ್ಣೆ. ಐದು ದಿನ ಹಚ್ಚಿದರೆ ಒಂದೂವರೆ ಲೀಟರ್. ಲೀಟರಿಗೆ ನೂರೈವತ್ತು ಅಂತಿಟ್ಟುಕೊಂಡರೂ ಇನ್ನೂರಿಪ್ಪತ್ತೈದು ರೂಪಾಯಿ ಆಯಿತು. ‘ಸಾದಾ ಮಣ್ಣಿನ ಹಣತೆ ಅಗ್ಗ’ ಅನ್ನುವವರು ಹಣತೆಯ ಬೆಲೆ ಮಾತ್ರ ನೋಡಿರುತ್ತಾರೆ. ಹಾಗಂತ ನಾನು ಹಣತೆ ಬಿಟ್ಟಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಸೀರಿಯಲ್ ಸೆಟ್ಟೋ, ಪಟ್ಟಿ ಲೈಟೋ, ಸೆಲ್ಲಿನದ್ದೋ

ಇಲ್ಲಿಯ ಅಂಗಡಿಗಳಲ್ಲಿ ಸೀರಿಯಲ್ ಸೆಟ್ ಅಂದರೂ ಅರ್ಥ ಆಗುತ್ತದೆ, ಆದರೆ ‘ತೋರಣ್’ ಅಥವಾ ‘ಮಾಳ್’ ಅಂತ ಕೇಳಿದರೆ ಬೇಗ ತೆಗೆದುಕೊಡುತ್ತಾರೆ. ಎರಡು ಥರ ಇವೆ. ಒಂದು ಕೂದಲೆಳೆಯಂಥ ವೈರಿನದ್ದು, ಅಕ್ಕಿ ಕಾಳಿನಷ್ಟು ಬಲ್ಬು, ಹತ್ತು ಹನ್ನೆರಡು ಮೀಟರಿಗೆ ನೂರು ನೂರಿಪ್ಪತ್ತು ರೂಪಾಯಿ. ಇನ್ನೊಂದನ್ನು ‘ಪಿಕ್ಸೆಲ್’ ಅನ್ನುತ್ತಾರೆ, ವೈರು ದಪ್ಪ, ಬಲ್ಬು ಬಟಾಣಿಯಷ್ಟು, ಇನ್ನೂರೈವತ್ತರ ಸುತ್ತಮುತ್ತ. ಕೈಯಲ್ಲಿ ಹಿಡಿದರೇ ವ್ಯತ್ಯಾಸ ಗೊತ್ತಾಗುತ್ತದೆ.

ತೆಳು ಸರದಲ್ಲಿ ಬಲ್ಬುಗಳನ್ನು ಗುಂಪು ಗುಂಪಾಗಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಎಲ್ಲೋ ಒಂದು ಬಲ್ಬಿನ ತಂತಿಕಾಲು ತುಕ್ಕು ಹಿಡಿದು ಬಿಟ್ಟರೆ ಆ ಗುಂಪೆಲ್ಲ ಕತ್ತಲೆ. ನನ್ನ ಸರ ಅರ್ಧಕ್ಕೆ ನಿಂತದ್ದು ಹೀಗೇ. ಸ್ಟೇಷನ್ ಹತ್ತಿರದ ರಿಪೇರಿ ಹುಡುಗನ ಹತ್ತಿರ ತಗೊಂಡು ಹೋದರೆ ಅವನು ಮುಟ್ಟಲೂ ಇಲ್ಲ, ನೋಡಿಯೇ ಹೇಳಿಬಿಟ್ಟ: “ಕಾಕೂ, ನವೀನ್ ಘ್ಯಾ ನಾ.” ಹೊಸದು ತಗೊಳ್ಳಿ ಅಂತ. ಅವನದೂ ತಪ್ಪಿಲ್ಲ, ನೂರು ರೂಪಾಯಿ ಸರಕ್ಕೆ ಅವನು ಅರ್ಧ ಗಂಟೆ ಕೂತು ಬೆಸುಗೆ ಹಾಕಿ ಎಷ್ಟು ಕೇಳೋದು? ಒಳಗೆ, ದೇವರ ಕೋಣೆಗೋ ಟಿವಿ ಗೋಡೆಗೋ ಆದರೆ ತೆಳುವಾದದ್ದೇ ಸಾಕು. ಬಾಲ್ಕನಿ ಗ್ರಿಲ್ಲಿಗೆ ಮಾತ್ರ ದಪ್ಪ ವೈರಿನದ್ದೇ ತಗೊಳ್ಳಿ. ಗ್ರಿಲ್ಲಿನ ಕಬ್ಬಿಣದ ಅಂಚು ಗಾಳಿಗೆ ಉಜ್ಜಿ ಉಜ್ಜಿ ತೆಳು ವೈರಿನ ಹೊದಿಕೆ ಕತ್ತರಿಸುತ್ತದೆ, ಆಮೇಲೆ ಬಟ್ಟೆ ಒಣಹಾಕೋಕೆ ಹೋದವರ ಕೈಗೆ ಕರೆಂಟ್. ಕಟ್ಟೋಕೆ ತಂತಿ ಬೇಡವೇ ಬೇಡ. ಹಳೇ ಸೀರೆಯ ಅಂಚು ಹರಿದು ಕಟ್ಟಿ, ಬಿಚ್ಚೋದೂ ಸುಲಭ.

ಇನ್ನು ಆ ಮಿಣುಕುವ ಪೆಟ್ಟಿಗೆ. ಬಹಳಷ್ಟು ಸರಗಳಿಗೆ ಎಂಟು ಥರ ಮಿಣುಕಿಸುವ ಕಂಟ್ರೋಲರ್ ಇರುತ್ತದೆ. ಸುಮ್ಮನೆ ಉರಿಯುವುದು ಎಂಟನೆಯದು. ಪ್ರತಿ ಸಲ ಸ್ವಿಚ್ ಹಾಕಿದಾಗ ಅದು ಮೊದಲಿನಿಂದ ಶುರು ಮಾಡುತ್ತದೆ, ನಾನು ಬಾಲ್ಕನಿಯಲ್ಲಿ ನಿಂತು ಏಳು ಸಲ ಬಟನ್ ಒತ್ತಬೇಕು. ದಿನಾ. ಕರೆಂಟ್ ಹೋಗಿ ಬಂದರೆ ಮತ್ತೆ ಏಳು. ನಿಮಗೆ ಮಿಣುಕೋದು ಇಷ್ಟ ಇಲ್ಲ ಅಂದರೆ ಕಂಟ್ರೋಲರ್ ಇಲ್ಲದ್ದನ್ನೇ ಕೇಳಿ ತಗೊಳ್ಳಿ, ಅದು ಅಗ್ಗವೂ ಹೌದು, ಕೆಡೋ ಭಾಗ ಒಂದು ಕಡಿಮೆಯೂ ಹೌದು.

ಪಟ್ಟಿ ಲೈಟ್, ಅಂದರೆ ಸ್ಟ್ರಿಪ್, ಈಗ ಎಲ್ಲರ ಮನೆಯಲ್ಲೂ. ಐದು ಮೀಟರಿನ ಸುರುಳಿ, 12 ವೋಲ್ಟಿನದ್ದು, ಅಡಾಪ್ಟರ್ ಸೇರಿ ನಾನೂರು ಐನೂರು. ನೋಡೋಕೆ ಬಹಳ ಚೆಂದ, ಬಲ್ಬು ಕಾಣದೆ ಬೆಳಕು ಮಾತ್ರ ಕಾಣುತ್ತದೆ. ಆದರೆ ಹಿಂದಿನ ಅಂಟು ಡಿಸ್ಟೆಂಪರ್ ಗೋಡೆಗೆ ಎರಡು ದಿನ ಹಿಡಿಯುತ್ತದೆ, ಮೂರನೇ ದಿನ ರಾತ್ರಿ ತಲೆ ಮೇಲೆ ಬೀಳುತ್ತದೆ. ಬೀಳದೆ ಹಿಡಿದರೆ ಇನ್ನೂ ಕಷ್ಟ, ಕೀಳುವಾಗ ಬಣ್ಣವೂ ಬರುತ್ತದೆ, ಬಾಡಿಗೆ ಮನೆಯಾದರೆ ಡಿಪಾಸಿಟ್ಟಿನಲ್ಲಿ ಕಡಿತ. ಸನ್‌ಮೈಕಾ ಹಾಕಿದ ಕಪಾಟಿನ ಅಂಚಿಗೆ, ಅಡುಗೆಮನೆ ಶೆಲ್ಫಿನ ಕೆಳಗೆ ಹಚ್ಚಿ ವರ್ಷವಿಡೀ ಬಳಸುವ ಹಾಗಿದ್ದರೆ ತಗೊಳ್ಳಿ. ಆಗ ಅದನ್ನು ಎತ್ತಿಡೋ ಪ್ರಶ್ನೆಯೇ ಇಲ್ಲ, ನನ್ನ ಲೆಕ್ಕದಲ್ಲಿ ಅದಕ್ಕೆ ನೂರಕ್ಕೆ ನೂರು ಅಂಕ. ಅಡಾಪ್ಟರ್ ಮಾತ್ರ ನೋಡಿ ತಗೊಳ್ಳಿ: ಮೀಟರಿಗೆ 4.8 ವ್ಯಾಟಿನ ಪಟ್ಟಿಯಾದರೆ ಐದು ಮೀಟರಿಗೆ 24 ವ್ಯಾಟ್, 12 ವೋಲ್ಟಿನಲ್ಲಿ ಅದು ಸರಿಯಾಗಿ 2 ಆಂಪಿಯರ್. ಅಂಗಡಿಯವನು 2 ಆಂಪಿಯರಿನದ್ದೇ ಕೊಡುತ್ತಾನೆ, ಅದು ಏದುಸಿರು ಬಿಡುತ್ತಾ ಕಾಯುತ್ತದೆ. 3 ಆಂಪಿಯರ್ ಕೇಳಿ. ಉದ್ದ ಜಾಸ್ತಿಯಾದರೆ ಪಟ್ಟಿಯ ಮೇಲೆ ಕತ್ತರಿ ಗುರುತು ಇರುತ್ತದೆ, ಅಲ್ಲೇ ಕತ್ತರಿಸಬೇಕು, ನಡುವೆ ಕತ್ತರಿಸಿದರೆ ಆ ತುಂಡು ಹೋಯಿತು.

ಸೆಲ್ಲಿನ ಲೈಟ್ ಬಾಟಲಿಯೊಳಗೆ ತುಂಬೋಕೆ ಚೆನ್ನಾಗಿದೆ. ತಾಮ್ರದ ತಂತಿ, ಮೂರು ಪೆನ್ಸಿಲ್ ಸೆಲ್. ಸರ ಎಂಬತ್ತು ರೂಪಾಯಿ, ಆದರೆ ಹಬ್ಬ ಮುಗಿಯೋದರೊಳಗೆ ಸೆಲ್ಲಿಗೆ ಅದಕ್ಕಿಂತ ಜಾಸ್ತಿ ಹಾಕಿರುತ್ತೀರಿ. ಅದೇ ಥರದ್ದು ಯುಎಸ್‌ಬಿ ಪಿನ್ನಿನ ಜೊತೆ ಸಿಗುತ್ತದೆ, ಮೊಬೈಲ್ ಚಾರ್ಜರಿಗೆ ಹಾಕಿ. ಪ್ಲಗ್ ಪಾಯಿಂಟ್ ದೂರ ಇರುವ ತುಳಸಿ ಕುಂಡಕ್ಕೆ ಪವರ್ ಬ್ಯಾಂಕ್ ಇಟ್ಟರೂ ನಡೆಯುತ್ತದೆ. ಮುಗಿದ ಮೇಲೆ ಮುಷ್ಟಿಯಲ್ಲಿ ಹಿಡಿಯುವಷ್ಟಾಗುತ್ತದೆ.

ಪರದೆ ಲೈಟ್ ಬಗ್ಗೆ ಕೇಳಲೇಬೇಡಿ. ಫೋಟೋದಲ್ಲಿ ಎಷ್ಟು ಚೆಂದವೋ ಬಿಚ್ಚಿ ಇಡೋಕೆ ಅಷ್ಟು ಶಾಪ. ಸೌರ ದೀಪ? ನೇರ ಬಿಸಿಲು ಬೀಳುವ ಬಾಲ್ಕನಿ ಇದ್ದರೆ ಸರಿ. ನಮ್ಮದು ಉತ್ತರಕ್ಕೆ, ಎದುರಿಗೆ ಇನ್ನೊಂದು ಬಿಲ್ಡಿಂಗ್. ಸಂಜೆ ಏಳಕ್ಕೆ ಹತ್ತಿ ಏಳೂವರೆಗೆ ಮಲಗುತ್ತಿತ್ತು.

ಬಣ್ಣದ ಮಾತು ಒಂದು. ಬಾಕ್ಸಿನ ಮೇಲೆ ‘ವಾರ್ಮ್ ವೈಟ್’ ಇದ್ದರೆ 2700ರಿಂದ 3000 ಕೆಲ್ವಿನ್, ಹಳದಿ ಬೆಳಕು, ಚೆಂಡುಹೂವು, ಹಿತ್ತಾಳೆ, ರೇಷ್ಮೆಗೆ ಒಪ್ಪುತ್ತದೆ. ‘ಕೂಲ್ ಡೇಲೈಟ್’ ಅಂದರೆ 6500, ಅದು ಡಾಕ್ಟರ ಶಾಪಿನ ಬೆಳಕು. ಎರಡನ್ನೂ ಒಂದೇ ಗೋಡೆಗೆ ಹಾಕಬೇಡಿ.

ಮಳೆ ನೀರು ಮತ್ತು ನಮ್ಮ ಲಕ್ಷ್ಮೀಪೂಜೆ

ಅಕ್ಟೋಬರಿನಲ್ಲಿ ಮಳೆ ಹೋಯಿತು ಅಂತ ನಂಬಬೇಡಿ. ಮೂರು ವರ್ಷದ ಹಿಂದೆ ಲಕ್ಷ್ಮೀಪೂಜೆ ದಿನ ಸಂಜೆ ನಾಲ್ಕಕ್ಕೆ ಗುಡುಗು ಶುರುವಾಯಿತು, ಇಪ್ಪತ್ತು ನಿಮಿಷ ಹೊಡೆದು ನಿಂತಿತು. ಆರೂವರೆಗೆ ನಾನು ಬಾಲ್ಕನಿ ಸ್ವಿಚ್ ಹಾಕಿದೆ. ಠಪ್! ಮನೆಯೆಲ್ಲ ಕತ್ತಲೆ. ಯಜಮಾನರು ಹೋಗಿ ಮೇನ್ ಎತ್ತಿದರು, ಮತ್ತೆ ಬಿತ್ತು. ಇನ್ನೊಮ್ಮೆ ಎತ್ತಿದರು, ಬಿತ್ತು. ಮಗಳು ಮೊಬೈಲ್ ಟಾರ್ಚ್ ಹಿಡಿದು ಬಾಲ್ಕನಿ ಮೂಲೆಗೆ ಹೋಗಿ, “ಅಪ್ಪಾ, ಬೋರ್ಡಿನ ತೂತಲ್ಲಿ ನೀರಿದೆ,” ಅಂದಳು. ಎಕ್ಸ್‌ಟೆನ್ಷನ್ ಬೋರ್ಡನ್ನು ನಾನು ನೆಲದ ಮೇಲೇ ಇಟ್ಟಿದ್ದೆ, ಅದು ನಿಂತ ನೀರಲ್ಲಿ ಕೂತಿತ್ತು. ಬೀಳುವ ಮೇನ್ ಇತ್ತು ಅಂತ ಬಚಾವಾದೆವು. ಪೂಜೆ ಆ ದಿನ ಮೇಣದ ಬತ್ತಿಯಲ್ಲೇ ಆಯಿತು.

ಆಮೇಲಿಂದ ಬೋರ್ಡು ಯಾವಾಗಲೂ ಕಿಟಕಿಯ ಒಳಗೆ. ಸರದ ವೈರು ಮಾತ್ರ ಹೊರಗೆ. ಎರಡು ಸರ ಜೋಡಿಸುವ ಗಂಟು ಗ್ರಿಲ್ಲಿನ ಮೇಲ್ಭಾಗದಲ್ಲಿ, ಬಾಯಿ ಕೆಳಗೆ ಇರುವ ಹಾಗೆ. ಹೊರಗೆ ಹಾಕುವ ಲೈಟಿನ ಬಾಕ್ಸಿನ ಮೇಲೆ ‘ಐಪಿ’ ಅಂತ ಒಂದು ಅಂಕಿ ಹುಡುಕಿ: 20 ಇದ್ದರೆ ಮನೆಯೊಳಗೆ ಮಾತ್ರ, 44 ಅಂದರೆ ಸಿಡಿಯುವ ನೀರಿಗೆ ತಡೆಯುತ್ತದೆ, 65 ಅಂದರೆ ಪೈಪಿನಿಂದ ಬಿಟ್ಟ ನೀರಿಗೂ. ಅಂಕಿಯೇ ಇಲ್ಲದಿದ್ದರೆ 20 ಅಂತಲೇ ತಿಳಿಯಿರಿ. ಐದು ಲೈಟ್ ಸೆಟ್ಟಿಗೆ ಹಾಕುವ ದುಡ್ಡಲ್ಲಿ ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳಲ್ಲ, ಯಾಕಂದರೆ ಅದು ಫೋಟೋದಲ್ಲಿ ಬರಲ್ಲ!

ಆಕಾಶಬುಟ್ಟಿ

ನಮ್ಮ ಧಾರವಾಡ ಕಡೆ ಆಕಾಶಬುಟ್ಟಿ. ನಮ್ಮ ಮಹಡಿಯಲ್ಲೇ ಇರುವ ಉಡುಪಿ ಕಡೆಯ ಅಕ್ಕ ಗೂಡುದೀಪ ಅನ್ನುತ್ತಾರೆ. ಇಲ್ಲಿಯವರಿಗೆ ಆಕಾಶ್ ಕಂದೀಲ್. ಮೂರೂ ಒಂದೇ ಅಂತ ಮಗಳಿಗೆ ಹೇಳಿದರೆ ಅವಳು, “ಹಂಗಾದ್ರೆ ಮೂರು ಮನೆಗೂ ಒಂದೇ ತರೋಣ ಅಮ್ಮಾ, ದುಡ್ಡು ಉಳಿಯುತ್ತೆ,” ಅಂದಳು.

ಮಾಹಿಮಿನ ಕಂದೀಲ್ ಗಲ್ಲಿಗೆ ದೀಪಾವಳಿಗೆ ಹತ್ತು ದಿನ ಮುಂಚೆ ಒಮ್ಮೆ ಹೋಗಿ ಬನ್ನಿ, ಕೊಳ್ಳದಿದ್ದರೂ ಪರವಾಗಿಲ್ಲ. ಕತ್ತೆತ್ತಿದರೆ ಬರೀ ಬುಟ್ಟಿಗಳೇ. ಅಲ್ಲಿ ನಿಂತಾಗ ಎಲ್ಲವೂ ಬೇಕು ಅನ್ನಿಸುತ್ತದೆ, ಅದಕ್ಕೇ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಬೇಕು.

ಮಡಚುವ ಕಾಗದದ್ದು ನೂರರಿಂದ ಇನ್ನೂರು. ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಳ್ಳುತ್ತದೆ, ಮುಗಿದ ಮೇಲೆ ಪುಸ್ತಕದಷ್ಟು ಚಪ್ಪಟೆ. ಒಂದು ಮಳೆ ಬಿದ್ದರೆ ಕತೆ ಮುಗಿಯಿತು, ಬೀಳದಿದ್ದರೆ ಎರಡು ವರ್ಷ. ಬಟ್ಟೆಯದ್ದು ಮುನ್ನೂರೈವತ್ತು ನಾನೂರರಿಂದ ಶುರು, ಪೈಠಣಿ ಸೀರೆಯ ಥರದ ಅಂಚಿನ ಬಟ್ಟೆ ಹಚ್ಚಿದ್ದೂ ಇರುತ್ತದೆ. ಒಳಗಿನ ತಂತಿ ಬಳೆಗಳು ಒಂದರ ಮೇಲೊಂದು ಕೂರುವಂಥದ್ದು ತಗೊಂಡರೆ ಅದೂ ತಟ್ಟೆಯಷ್ಟಾಗುತ್ತದೆ. ನಮ್ಮದು ನಾಲ್ಕನೇ ವರ್ಷ ನಡೆಯುತ್ತಿದೆ, ಧೂಳು ಕೊಡವಿ ಒಮ್ಮೆ ತೊಳೆದಿದ್ದೇನೆ. ಪ್ಲಾಸ್ಟಿಕ್ ಹಾಳೆಯದ್ದು ಮಳೆಗೆ ಜಗ್ಗಲ್ಲ, ಅಗ್ಗ, ಆದರೆ ಮಡಚೋಕೆ ಬರಲ್ಲ. ನನ್ನ ಅಟ್ಟದಲ್ಲಿ ಸೊಟ್ಟಗಾಗಿ ಬಿದ್ದಿದ್ದು ಅದೇ. ಎಸೆಯೋಕೂ ಮನಸ್ಸು ಬರಲ್ಲ, ಇಡೋಕೂ ಜಾಗ ಇಲ್ಲ.

ಹಾಗಾಗಿ ನನ್ನ ಆಯ್ಕೆ ಬಟ್ಟೆಯದ್ದು. ಗಾಳಿ ಜೋರಿರುವ ಎತ್ತರದ ಮಹಡಿಯಾದರೆ ಕಾಗದದ್ದು ತರಲೇಬೇಡಿ, ಬಟ್ಟೆಯದ್ದಕ್ಕೂ ಕೆಳಗಿಂದ ಎರಡು ದಾರ ಗ್ರಿಲ್ಲಿಗೆ ಕಟ್ಟಿ.

ಮನೆಯಲ್ಲೇ ಮಾಡೋದು ಎಲ್ಲಕ್ಕಿಂತ ಅಗ್ಗ ಅಂತ ಹೇಳೋಕೆ ಆಸೆ, ಆದರೆ ಇಲ್ಲಿ ಬಿದಿರು ಕಡ್ಡಿ, ಪತಂಗದ ಕಾಗದ, ಅಂಟು ಎಲ್ಲ ಕೊಂಡರೆ ನೂರೈವತ್ತು ಆಗಿಯೇ ಆಗುತ್ತದೆ. ಅದು ದುಡ್ಡು ಉಳಿಸೋ ಕೆಲಸ ಅಲ್ಲ, ಒಂದು ಭಾನುವಾರ ಕಳೆಯೋ ಕೆಲಸ. ನಮ್ಮಪ್ಪ ಊರಲ್ಲಿ ಬಿದಿರು ಸೀಳಿ, ಕಡ್ಡಿಯನ್ನು ಗಾಜಿನ ಚೂರಲ್ಲಿ ಹೆರೆದು ನುಣುಪು ಮಾಡಿ, ಮೂಲೆಗಳನ್ನು ದಾರದಿಂದ ಬಿಗಿದು, ಗೋಧಿ ಹಿಟ್ಟಿನ ಅಂಟು ಕುದಿಸುತ್ತಿದ್ದರು. ಜಿರಳೆ ತಿನ್ನದಿರಲಿ ಅಂತ ಅದಕ್ಕೆ ಚಿಟಿಕೆ ಮೈಲುತುತ್ತ. (ಅದು ವಿಷ, ಮಕ್ಕಳ ಜೊತೆ ಮಾಡುವಾಗ ಬೇಡ, ಅಂಗಡಿಯ ಗೋಂದೇ ಸಾಕು.) ಕಾಗದವನ್ನು ಬಿಗಿಯಾಗಿ ಎಳೆದು ಹಚ್ಚಿ, ಒಣಗಿದ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡೋರು, ತಮಟೆಯ ಹಾಗೆ ಸದ್ದು ಬರಬೇಕು. ಬಾಲಂಗೋಚಿ ಹಚ್ಚೋ ಕೆಲಸ ನಮ್ಮದು.

ಯಾವುದೇ ಬುಟ್ಟಿಯಾಗಲಿ, ಒಳಗೆ ಹಳೇ 40 ವ್ಯಾಟಿನ ಬಲ್ಬ್ ಬೇಡ, ಕಾಗದ ಕಂದುಬಣ್ಣಕ್ಕೆ ತಿರುಗುತ್ತದೆ. 5 ವ್ಯಾಟಿನ ಎಲ್‌ಇಡಿ ಸಾಕು. ಇಲ್ಲಿ ದೀಪಾವಳಿ ಶುರುವಾಗುವ ವಸು ಬಾರಸಿನಿಂದ ಕಾರ್ತಿಕ ಹುಣ್ಣಿಮೆವರೆಗೆ ಹೆಚ್ಚುಕಡಿಮೆ 20 ದಿನ, ದಿನಕ್ಕೆ 6 ಗಂಟೆ ಉರಿಸಿದರೂ 0.6 ಯೂನಿಟ್. ಹೋಲ್ಡರ್ ಜೊತೆಗಿನ ವೈರು ಒಳ್ಳೆಯದು ತಗೊಳ್ಳಿ, ಡಿಸೆಂಬರಿನಲ್ಲಿ ಅದೇ ಹೋಲ್ಡರಿಗೆ ಮಡಚುವ ಕಾಗದದ ಕ್ರಿಸ್ಮಸ್ ನಕ್ಷತ್ರ ಸಿಕ್ಕಿಸಬಹುದು. ಮಗಳ ಗೆಳತಿಯರು ಗೋವಾದವರು, ಅವರಿಗಾಗಿ ನಮ್ಮ ಬಾಲ್ಕನಿಯಲ್ಲೂ ಒಂದು ನಕ್ಷತ್ರ ಏರುತ್ತದೆ.

ಹಣತೆ

ಮೂರು ಥರ ಇಟ್ಟು ನೋಡಿದ್ದೇನೆ. ಮಣ್ಣಿನದ್ದು, ಮೇಣದ್ದು, ನೀರು ಹಾಕಿದರೆ ಹತ್ತುವುದು.

ಆ ನೀರಿನ ದೀಪ ನೋಡಿದರೆ ಮಕ್ಕಳಿಗೆ ಹುಚ್ಚು. ತಳದಲ್ಲಿ ಎರಡು ಲೋಹದ ಮೊಳೆ ಇರುತ್ತವೆ, ನೀರು ಬಿದ್ದಾಗ ಎರಡಕ್ಕೂ ಸಂಪರ್ಕ ಆಗಿ ಎಲ್‌ಇಡಿ ಹತ್ತುತ್ತದೆ, ಮಾಯೆ ಏನಿಲ್ಲ. ಆರರ ಪೆಟ್ಟಿಗೆ ನೂರೈವತ್ತು. ಪರದೆ ಇರುವ ಕಿಟಕಿಗೆ, ಚಪ್ಪಲಿ ಸ್ಟ್ಯಾಂಡ್ ಪಕ್ಕದ ಇಕ್ಕಟ್ಟು ಕಾರಿಡಾರಿಗೆ ಅದೇ ಸರಿ, ಬೆಂಕಿಯ ಭಯ ಇಲ್ಲ. ನಾನು ತಂದದ್ದರಲ್ಲಿ ಸೆಲ್ ಬದಲಾಯಿಸೋಕೆ ಬರುತ್ತಿರಲಿಲ್ಲ, ಮೊಳೆಗಳು ತುಕ್ಕು ಹಿಡಿದವು, ಮರು ವರ್ಷ ಆರರಲ್ಲಿ ಒಂದೇ ಹತ್ತಿತು. ತಂದರೆ ಹಬ್ಬ ಆದ ತಕ್ಷಣ ಒರೆಸಿ ಒಣಗಿಸಿ ಇಡಿ.

ಮೇಣದ್ದು ಸುಲಭ, ಆದರೆ ಟೈಲ್ಸ್ ಮೇಲೆ ಬಿದ್ದದ್ದನ್ನು ಕೆರೆಯುವವರು ಯಾರು?

ಮಣ್ಣಿನದ್ದಕ್ಕೆ ಧಾರಾವಿಯ ಕುಂಭಾರವಾಡಾ. ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರ ಓಣಿಗಳು, 90 ಫೀಟ್ ರೋಡಿನ ಪಕ್ಕ. ಸಾದಾ ಹಣತೆ ಮೂರು ರೂಪಾಯಿಯ ಆಸುಪಾಸು, ಅದೇ ನಮ್ಮ ಸ್ಟೇಷನ್ ಹೊರಗೆ ಡಜನ್ನಿಗೆ ಅರವತ್ತು. ಎರಡು ಡಜನ್ನಿಗೋಸ್ಕರ ಡೊಂಬಿವಲಿಯಿಂದ ಹೋಗಬೇಡಿ, ಟಿಕೆಟ್ಟಿಗೇ ಸರಿಹೋಗುತ್ತದೆ. ಮಹಡಿಯವರೆಲ್ಲ ಸೇರಿ ಇನ್ನೂರು ತರೋದಾದರೆ ಲಾಭ. ತಂದ ಮೇಲೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಬಕೆಟ್ಟಿಗೆ ಹಾಕಿದ ಕೂಡಲೇ ಸಣ್ಣ ಗುಳ್ಳೆ ಬಿಡುತ್ತಾ ಅವು ನೀರು ಕುಡಿಯುವ ಸದ್ದು ಕೇಳಿಸುತ್ತದೆ. ಅಲ್ಲಿ ನೀರು ಕುಡಿದದ್ದು ಆಮೇಲೆ ನಿಮ್ಮ ಎಣ್ಣೆ ಕುಡಿಯೋದು ಕಡಿಮೆ ಮಾಡುತ್ತದೆ. ಬಣ್ಣ ಬಳಿದದ್ದು, ಕನ್ನಡಿ ಹಚ್ಚಿದ್ದು ಬೇಡ. ಸಾದಾ ಹಣತೆ ಒಂದರೊಳಗೊಂದು ಕೂತು ಮೂವತ್ತು ಒಂದು ಬಿಸ್ಕತ್ ಡಬ್ಬದಲ್ಲಿ ಹಿಡಿಯುತ್ತವೆ, ಒಡೆದರೆ ಕುಂಡದ ತಳಕ್ಕೆ.

ಎಣ್ಣೆಯ ಖರ್ಚಿಗೆ ನಾನು ಮಾಡೋದು ಇಷ್ಟೇ: ಐದೂ ದಿನ ಇಪ್ಪತ್ತು ಹಚ್ಚಲ್ಲ. ದಿನಾ ಹೊಸ್ತಿಲಿಗೆ ಎರಡು, ತುಳಸಿಗೆ ಒಂದು. ಲಕ್ಷ್ಮೀಪೂಜೆ ದಿನ ಮಾತ್ರ ಇಪ್ಪತ್ತು. ಕಮ್ಮಿ ದಿನ ಹಚ್ಚಿದಷ್ಟೂ ಆ ದಿನ ಜಾಸ್ತಿ ಚೆಂದ ಕಾಣುತ್ತದೆ ಅನ್ನೋದು ನನ್ನ ಅನುಭವ.

ಗಣಪತಿ ಮಂಟಪ ಮತ್ತು ಹೂವು

ಥರ್ಮಾಕೋಲಿನ ಮಾತು ಮೊದಲೇ ಮುಗಿಸುತ್ತೇನೆ. 2018ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಅಲಂಕಾರದ ಥರ್ಮಾಕೋಲನ್ನೂ ನಿಷೇಧಿಸಿತು, ಜೂನ್ 23ರಿಂದ ದಂಡ ಹಾಕೋಕೆ ಶುರು ಮಾಡಿತು. ಯಾರಾದರೂ ಕದ್ದು ಮಾರಿದರೂ ಕೊಳ್ಳಬೇಡಿ. ನನ್ನ ನವಿಲು ನೆನಪಿಸಿಕೊಳ್ಳಿ.

ಈಗ ಇರುವ ದಾರಿ ಎರಡು. ರಟ್ಟಿನದೋ ಪ್ಲೈವುಡ್ಡಿನದೋ ಮಡಚುವ ಮಂಟಪ, ಇಲ್ಲಿಯವರ ‘ಮಖರ್’, ಕೊಳ್ಳೋದು, ಇಲ್ಲ ಮನೆಯಲ್ಲಿರುವ ಸೀರೆ ಕಟ್ಟೋದು. ಮಖರ್ ಒಂದೂವರೆ ಸಾವಿರದಿಂದ ಶುರು, ಮಡಚಿದರೂ ಇಸ್ತ್ರಿ ಮೇಜಿನಷ್ಟು ದೊಡ್ಡದು. ಹತ್ತು ದಿನ ಗಣಪತಿ ಇಡುವವರಿಗೆ, ಪ್ರತಿ ವರ್ಷ ಅದನ್ನೇ ಬಳಸುವವರಿಗೆ ಅದು ನಷ್ಟ ಅಲ್ಲ. ಒಂದೂವರೆ ದಿನದವರಿಗೆ ಯಾಕೆ ಬೇಕು? ನಮ್ಮ ಮನೆಯಲ್ಲಿ ಪರದೆ ರಾಡಿಗೆ ಎರಡು ಇಳಕಲ್ ಸೀರೆ, ಒಂದು ದಾಳಿಂಬೆ ಕೆಂಪು, ಒಂದು ಹಸಿರು, ಟೋಪ ತೆನೆಯ ಸೆರಗು ಮುಂದೆ ಬರುವ ಹಾಗೆ ನೆರಿಗೆ ಹಿಡಿದು ಆಫೀಸಿನ ಕ್ಲಿಪ್ ಹಾಕುತ್ತೇನೆ. ಪಿನ್ ಚುಚ್ಚಿದರೆ ಅಮ್ಮ ಊರಿಂದಲೇ ಬೈಯುತ್ತಾಳೆ. ಸೀರೆಯ ಹಿಂದೆ ಹಳದಿ ಬೆಳಕಿನ ತೆಳು ಸರ ಮೇಲಿಂದ ಕೆಳಗೆ ಇಳಿಬಿಟ್ಟರೆ ಬಂದವರೆಲ್ಲ ಎಲ್ಲಿಂದ ತಂದಿರಿ ಅಂತ ಕೇಳುತ್ತಾರೆ. ಖರ್ಚು ಸೊನ್ನೆ, ಆಮೇಲೆ ಬೀರುವಿಗೆ ವಾಪಸ್. ನಂದಾದೀಪ ಮಾತ್ರ ಸೀರೆಯಿಂದ ಒಂದು ಮೊಳಕ್ಕಿಂತ ದೂರ ಇರಲಿ, ಫ್ಯಾನ್ ಗಾಳಿಗೆ ಸೆರಗು ಹಾರುತ್ತದೆ.

ಗೋವಾದಲ್ಲಿ ಗಣಪತಿ ಮೇಲೆ ಮಾಟೋಳಿ ಕಟ್ಟುತ್ತಾರೆ, ನಮ್ಮ ಉತ್ತರ ಕನ್ನಡದವರ ಫಲಾವಳಿಯ ಹಾಗೇ, ಮರದ ಚೌಕಟ್ಟಿಗೆ ಅಡಿಕೆ ಗೊಂಚಲು, ಸೌತೆ, ತೊಂಡೆ, ಕಾಡುಹಣ್ಣು ಎಲ್ಲ ತೂಗುಬಿಡೋದು. ಅದನ್ನು ನೋಡಿ ನಾನೂ ಒಂದು ವರ್ಷ ರಾಡಿಗೆ ನಾಲ್ಕು ಸೌತೆಕಾಯಿ, ನಿಂಬೆಹಣ್ಣು, ಮೂಸಂಬಿ ಕಟ್ಟಿದೆ. ಮೂರನೇ ದಿನ ಅದೇ ಕೋಸಂಬರಿ ಆಯಿತು. ಹಬ್ಬದ ಅಲಂಕಾರವನ್ನು ತಿಂದು ಮುಗಿಸೋಕಾದರೆ ಅಟ್ಟದ ಗೊಡವೆಯೇ ಇಲ್ಲ ನೋಡಿ.

ಹೂವಿಗೆ ದಾದರ್. ದಸರಾ ದಿನ ಬೆಳಿಗ್ಗೆ ಚೆಂಡುಹೂವಿನ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಒಂದು ದಿನ ಮುಂಚೆಯೇ ಬಿಡಿ ಹೂವು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮನೆಯಲ್ಲೇ ಪೋಣಿಸಿ. ಬಾಳೆಕಂದು, ವೀಳ್ಯದೆಲೆ, ನಮ್ಮ ಥರ ಕಟ್ಟಿದ ಮಲ್ಲಿಗೆ ಬೇಕಾದರೆ ಮಾಟುಂಗಾ ಪೂರ್ವ. ಪ್ಲಾಸ್ಟಿಕ್ ಚೆಂಡುಹೂವಿನ ಸರ ಐವತ್ತಕ್ಕೆ ಸಿಗುತ್ತದೆ, ನಾನೂ ತಂದಿದ್ದೆ. ಎರಡನೇ ವರ್ಷ ಧೂಳು ಕೂತು ಒಣಗಿದ ಹೂವಿಗಿಂತ ಕಡೆ ಆಗಿತ್ತು. ಬಾಗಿಲಿಗೆ ಬಟ್ಟೆಯ ಕಸೂತಿ ತೋರಣ ಒಂದು ಕೊಂಡು, ಹಬ್ಬದ ದಿನ ಅದರ ಮೇಲೆ ಮಾವಿನೆಲೆ ಕಟ್ಟಿದರೆ ಮುಗಿಯಿತು.

ಎಲ್ಲಿ, ಹೇಗೆ

ಲೈಟಿಗೆ ಲೋಹಾರ್ ಚಾಳ್, ಕ್ರಾಫರ್ಡ್ ಮಾರ್ಕೆಟ್ ಪಕ್ಕ, ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ, ಹಣತೆಗೆ ಕಸಬಾ ಪೇಟೆಯ ಕುಂಭಾರವಾಡಾ. ಲೈಟನ್ನು ಹಾಕಿ ತೋರಿಸದೆ ದುಡ್ಡು ಕೊಡಬೇಡಿ. “ಲಾವೂನ್ ದಾಖವಾ” ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಕೌಂಟರಿನಲ್ಲೇ ಪ್ಲಗ್ ಇರುತ್ತದೆ. ಹತ್ತಿದ ಮೇಲೆ ವೈರನ್ನು ಅಲ್ಲಲ್ಲಿ ಮೆಲ್ಲಗೆ ಅಲುಗಾಡಿಸಿ, ಆಗ ಆರಿ ಹತ್ತಿದರೆ ಬೇರೆ ಕೇಳಿ. ಗಣಪತಿಗಿಂತ ಮುಂಚೆಯೇ ಕೊಂಡರೆ ಎರಡೂ ಹಬ್ಬಕ್ಕಾಗುತ್ತದೆ. ಇನ್ನೊಂದು, ಸಂಜೆಯ ಕರ್ಜತ್ ಫಾಸ್ಟ್ ಲೋಕಲ್ ಹತ್ತುವವರು ಮಡಚದ ಆಕಾಶಬುಟ್ಟಿ ಹಿಡಿದು ಲೇಡೀಸ್ ಡಬ್ಬಕ್ಕೆ ಬರಬೇಡಿ. ಒಮ್ಮೆ ತಂದಿದ್ದೆ. ಇಳಿಯುವಾಗ ಕೈಯಲ್ಲಿ ದಾರ ಇತ್ತು.

ಎರಡು ಸಾವಿರ ಕೈಯಲ್ಲಿಟ್ಟುಕೊಂಡು ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳೋದು: ಬಾಲ್ಕನಿಗೆ ಒಂದು ಪಿಕ್ಸೆಲ್ ಸರ 250, ಒಳಗೆ ಒಂದು ತೆಳು ಸರ 120, ಎಕ್ಸ್‌ಟೆನ್ಷನ್ ಬೋರ್ಡ್ 400, ಬಟ್ಟೆಯ ಆಕಾಶಬುಟ್ಟಿ 400, ಹೋಲ್ಡರ್ ವೈರು 100, ಬಲ್ಬ್ 80, ಮಹಡಿಯವರ ಜೊತೆ ಸೇರಿ ತಂದ ಮೂವತ್ತು ಹಣತೆ 90, ಹೂವು ಎಣ್ಣೆಗೆ 500. ಒಟ್ಟು 1940. ಉಳಿದ ಅರವತ್ತಕ್ಕೆ ಸ್ಟೇಷನ್ ಹೊರಗೆ ವಡಾಪಾವ್ ತಿನ್ನಿ. ಮುಂದಿನ ವರ್ಷ ಹೂವು ಎಣ್ಣೆಯ ಐನೂರು ಮಾತ್ರ.

ಬಿಚ್ಚುವ ದಿನ ಅವಸರ ಮಾಡಬೇಡಿ. ಕೊರಿಯರ್ ಡಬ್ಬದ ರಟ್ಟು ಒಂದಡಿ ಉದ್ದಕ್ಕೆ ಕತ್ತರಿಸಿ, ಎರಡೂ ತುದಿಯಲ್ಲಿ ಸಣ್ಣ ಕಚ್ಚು ಮಾಡಿ, ಪ್ಲಗ್ ತುದಿ ಹೊರಗೆ ಬರುವ ಹಾಗೆ ಸರವನ್ನು ಅದಕ್ಕೆ ಸುತ್ತಿ. ಒಂದು ರಟ್ಟಿಗೆ ಒಂದೇ ಸರ. ಸುತ್ತುವ ಮುಂಚೆ ಒಮ್ಮೆ ಹಾಕಿ ನೋಡಿ, ಸತ್ತದ್ದನ್ನು ಅವತ್ತೇ ಮನೆಯಿಂದ ಕಳಿಸಿ. ನನ್ನ ಡಬ್ಬ ಈಗ ಕುಕ್ಕರ್ ಬಂದ ಪೆಟ್ಟಿಗೆಯಷ್ಟೇ ಇದೆ, ಮೇಲಿನ ರಟ್ಟಿನ ಮೇಲೆ ಮಗಳ ಅಕ್ಷರ: ‘ಬಾಲ್ಕನಿ, 12 ಮೀಟರ್, ಹತ್ತುತ್ತೆ. ಏಳು ಸಲ ಒತ್ತು.’